ಆರುನೂರ ಹನ್ನೆರಡು ಸಾಲುಗಳು

ಅವಳ ಎಡಗೈಯ ಮೂರು ಬೆರಳು ಮುರಿದದ್ದು ಅಡುಗೆಮನೆಯ ಬಾಗಿಲಲ್ಲಿ. ಗಂಡ ಅವಳ ಕೈಯನ್ನು ಚೌಕಟ್ಟಿಗೆ ಒತ್ತಿ ಹಿಡಿದು ಬಾಗಿಲನ್ನು ಎರಡು ಸಲ ಬಡಿದ. ಮೊದಲನೆಯದನ್ನು ಸಿಟ್ಟು ಅನ್ನಬಹುದು. ಎರಡನೆಯದಕ್ಕೆ ಅವನು ಬಾಗಿಲನ್ನು ಪೂರ್ತಿ ತೆರೆದುಕೊಂಡಿದ್ದ. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಇಪ್ಪತ್ತೊಂದು ವರ್ಷ ಗಾಯಗಳಿಗೆ ಹೊಲಿಗೆ ಹಾಕಿದ ಹೆಂಗಸು ಅವಳು. ಸಿಟ್ಟಿನ ಏಟು ಯಾವುದು, ಅಳೆದು ಕೊಟ್ಟ ಏಟು ಯಾವುದು ಅನ್ನುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಲಗೈಯಿಂದ ಎಡಗೈ ಎತ್ತಿ ಹಿಡಿದುಕೊಂಡು, ಚಪ್ಪಲಿ ಮೆಟ್ಟಿ, ಬಸ್ಸು ಹತ್ತಿ ತನ್ನ ಆಸ್ಪತ್ರೆಗೇ ಬಂದಳು. "ಏನಾಯ್ತು" ಅಂತ ನೋಂದಣಿಯವನು ಕೇಳಿದಾಗ, ಇಷ್ಟು ವರ್ಷ ತನ್ನ ಮುಂದೆ ಕೂತ ಹೆಂಗಸರೆಲ್ಲ ಹೇಳುತ್ತಿದ್ದ ಮಾತೇ ಬಾಯಿಗೆ ಬಂತು. "ಬಿದ್ದೆ." ಕೂಡಲೇ ನಾಲಿಗೆ ಕಚ್ಚಿಕೊಂಡು, "ಅಲ್ಲ. ಗಂಡ ಮುರಿದ. ಹಾಗೇ ಬರ್ಕೋ" ಅಂದಳು.

ಅವತ್ತಿನಿಂದ ಅವಳು ಆ ಮನೆಯ ಹೊಸಿಲು ತುಳಿಯಲಿಲ್ಲ. ತಂಗಿಯ ಮನೆ ಸೇರಿದಳು. ತಂಗಿ ಕಾರು ಓಡಿಸುವುದನ್ನು ಕಲಿಸುವವಳು. ದಿನವಿಡೀ ಹೊಸಬರ ಪಕ್ಕ ಕೂತು ಜೀವ ಕೈಯಲ್ಲಿ ಹಿಡಿದು ಬ್ರೇಕು ಒತ್ತುವವಳಿಗೆ ಯಾರ ಹೆದರಿಕೆ. ಭಾವ ಒಂದು ಸಲ ಹುಡುಕಿಕೊಂಡು ಬಂದು ಬಾಗಿಲು ಒದ್ದಾಗ, ಕಾರಿನ ಜಾಕ್ ಹಿಡಿದುಕೊಂಡೇ ಬಾಗಿಲು ತೆಗೆದು, "ಒಳಗೆ ಬನ್ನಿ ಭಾವ. ಹೊರಗೆ ಹೋಗೋದನ್ನ ಆಂಬುಲೆನ್ಸಿನವರು ನೋಡ್ಕೋತಾರೆ" ಅಂದಳು. ಅವನು ಮತ್ತೆ ಆ ಬೀದಿಯಲ್ಲಿ ಕಾಣಿಸಲಿಲ್ಲ.

ಬೆರಳುಗಳು ಕೂಡಿಕೊಂಡವು, ಆದರೆ ಮಡಚಲು ಬರಲಿಲ್ಲ. ಚರ್ಮದ ಅಂಚನ್ನು ಚಿಮಟದಲ್ಲಿ ಹಿಡಿಯಲಾಗದವಳು ಹೊಲಿಗೆ ಹಾಕುವುದು ಹೇಗೆ. ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ದಾರದಕ್ಕ ಅನ್ನುತ್ತಿದ್ದರು. ದಾರ ಹೋದ ಮೇಲೂ ಹೆಸರು ಹಾಗೇ ಉಳಿಯಿತು. ಅವಳನ್ನು ಕಡತದ ಕೋಣೆಗೆ ಕಳಿಸಿದರು. ತಗಡಿನ ಕಪಾಟುಗಳು, ಧೂಳು, ಒಂದು ಹಳೇ ಕಂಪ್ಯೂಟರು, ಗೋಡೆಯ ಆಚೆ ಬಟ್ಟೆ ಒಗೆಯುವ ಯಂತ್ರದ ಗಡಗಡ. ಮೊದಲ ವಾರ ಅವಳಿಗೆ ಜೀವಂತ ಹೂತು ಹಾಕಿದ ಹಾಗೆ ಅನ್ನಿಸಿತು. ಆಮೇಲೆ ಹಳೇ ದಾಖಲೆ ಪುಸ್ತಕಗಳನ್ನು ತೆರೆದು ಓದತೊಡಗಿದಳು. ತಾನೇ ಬರೆದ ಸಾಲುಗಳು. ನೆತ್ತಿ ಸೀಳು, ಎಂಟು ಹೊಲಿಗೆ. ತುಟಿ ಸೀಳು, ಮೂರು. ಕಿವಿ ಅರ್ಧ ಕಿತ್ತದ್ದು, ಹನ್ನೊಂದು. ಕಾರಣ: ಬಿದ್ದದ್ದು, ಬಿದ್ದದ್ದು, ಬಿದ್ದದ್ದು.

ಈ ಸಾಲುಗಳನ್ನು ಕಂಪ್ಯೂಟರಿಗೆ ಹಾಕಿಸಿದವರು ಕನ್ನಡಕದ ಡಾಕ್ಟರು. ಇನ್ನೂ ಮೂವತ್ತು ತುಂಬದ ಮನುಷ್ಯ, ರೋಗಿಗಿಂತ ಅಂಕಿಯ ಮೇಲೆ ಪ್ರೀತಿ ಜಾಸ್ತಿ. ಗಾಯವಾಗಿ ಬಂದ ಹೆಂಗಸರಲ್ಲಿ ಯಾರು ಮತ್ತೆ ಇನ್ನೂ ಕೆಟ್ಟ ಏಟು ತಿಂದು ಬರುತ್ತಾರೆ ಅನ್ನುವುದನ್ನು ಯಂತ್ರಕ್ಕೆ ಕಲಿಸಬೇಕು, ಅದು ಕೊಡುವ ಪಟ್ಟಿ ಹಿಡಿದು ಮನೆಮನೆಗೆ ಹೋಗಬೇಕು ಅನ್ನುವುದು ಅವರ ಯೋಚನೆ. ಮನೆಗೆ ಹೋಗುವ ಕೆಲಸಕ್ಕೆ ಆಸ್ಪತ್ರೆಯ ಸಮಾಜಸೇವಕಿ ಇದ್ದರು. ಅವರನ್ನು ಎಲ್ಲರೂ ಭೇಟಿ ಮೇಡಂ ಅನ್ನುತ್ತಿದ್ದರು.

"ಪ್ರೋಗ್ರಾಂ ಬರೀಬೇಕಾಗಿಲ್ಲ ದಾರದಕ್ಕ," ಅಂತ ಡಾಕ್ಟರು ಪರದೆ ತೋರಿಸಿದರು. "ಪೆಟ್ಟಿಗೆ ಎಳೆದು ತನ್ನಿ, ಗೆರೆಯಿಂದ ಜೋಡಿಸಿ, ಅಷ್ಟೇ."

ಬಿಳಿ ಹಾಳೆಯಂಥ ಪರದೆ, ಪಕ್ಕದಲ್ಲಿ ಪುಟ್ಟ ಪೆಟ್ಟಿಗೆಗಳ ಸಾಲು. ಒಂದು ಪೆಟ್ಟಿಗೆ ಕಡತ ಓದುತ್ತದೆ, ಒಂದು ಎರಡು ಪಟ್ಟಿಗಳನ್ನು ಕೂಡಿಸುತ್ತದೆ, ಇನ್ನೊಂದು ಕೂಡಿಸಿದ್ದನ್ನು ನೋಡಿ ಕಲಿಯುತ್ತದೆ. ಒಂದರಿಂದ ಇನ್ನೊಂದಕ್ಕೆ ಗೆರೆ ಎಳೆದರೆ ಅಂಕಿಗಳು ಹರಿದು ಹೋಗುತ್ತವೆ. ದಾರದಕ್ಕನಿಗೆ ಒಂದೇ ದಿನದಲ್ಲಿ ಕೈ ಹತ್ತಿತು. ಮೌಸು ಹಿಡಿಯಲು ಬಲಗೈ ಸಾಕು. ತಂಗಿಯ ಮುಂದೆ ಊಟಕ್ಕೆ ಕೂತಾಗ, "ಯಂತ್ರಕ್ಕೆ ಪಾಠ ಹೇಳ್ತಿದೀನಿ" ಅಂತ ಜಂಭ ಕೊಚ್ಚಿಕೊಂಡಳು. "ನನ್ನ ಶಿಷ್ಯರಿಗಿಂತ ಬೇಗ ಕಲಿಯತ್ತೆ ಬಿಡು," ಅಂದಳು ತಂಗಿ, "ಅದಕ್ಕೆ ಕ್ಲಚ್ ಇಲ್ಲವಲ್ಲ."

ಎರಡು ಪಟ್ಟಿಗಳು. ಒಂದು ಗಾಯದ ಪಟ್ಟಿ: ಪ್ರತಿ ಭೇಟಿಯ ನೋಂದಣಿ ಸಂಖ್ಯೆ, ವರ್ಷ, ಹೆಸರು, ಗಾಯ ಎಲ್ಲಿ, ಕಾರಣ ಏನು ಹೇಳಿದರು, ಮನೆ ಎಲ್ಲಿ. ಇನ್ನೊಂದು ಎಕ್ಸ್‌ರೇ ಪಟ್ಟಿ: ಅದೇ ಸಂಖ್ಯೆ ಮತ್ತು ವರ್ಷ, ಯಾವ ಮೂಳೆ, ಹೊಸ ಮುರಿತವೋ ಹಳೆಯದೋ. ಎರಡರಲ್ಲೂ ಇರುವ ಹೆಂಗಸರನ್ನು ಮಾತ್ರ ಆರಿಸಿ, ಒಂದು ಭೇಟಿಗೆ ಒಂದು ಸಾಲಿನ ಹಾಗೆ ಬರೆದಾಗ, ಎರಡೂ ಪಟ್ಟಿಯಲ್ಲಿ ಆರುನೂರ ಹನ್ನೆರಡು ಸಾಲು ಉಳಿದವು. ಈ ಸರಿಸಮ ಲೆಕ್ಕವೇ ಅವಳನ್ನು ಕೆಡಿಸಿತು. ಕೂಡಿಸುವ ಪೆಟ್ಟಿಗೆಗೆ ಎರಡು ಗೆರೆ ಎಳೆದಳು. ಯಾವುದನ್ನು ನೋಡಿ ಹೊಂದಿಸಲಿ ಅಂತ ಪೆಟ್ಟಿಗೆ ಕೇಳಿತು. ಅಲ್ಲಿ ಮೊದಲೇ 'ಸಾಲಿನ ಕ್ರಮ' ಅಂತ ಇತ್ತು. ಆರುನೂರ ಹನ್ನೆರಡಕ್ಕೆ ಆರುನೂರ ಹನ್ನೆರಡು, ಇನ್ನೇನು ಅಂದುಕೊಂಡು ಹಾಗೇ ಒತ್ತಿಬಿಟ್ಟಳು.

ಗಾಯದ ಪಟ್ಟಿ ತಾರೀಖಿನ ಪ್ರಕಾರ ಇತ್ತು, ಎಕ್ಸ್‌ರೇ ಪಟ್ಟಿ ಫಿಲ್ಮಿನ ಸಂಖ್ಯೆಯ ಪ್ರಕಾರ. ಒಬ್ಬಳ ಗಾಯಕ್ಕೆ ಇನ್ನೊಬ್ಬಳ ಮೂಳೆ ಅಂಟಿಕೊಂಡಿತು. ಪರದೆಯ ಮೇಲೆ ಒಂದು ಕೆಂಪು ಗುರುತೂ ಮೂಡಲಿಲ್ಲ. ಯಂತ್ರದ ಪರೀಕ್ಷೆಯ ಅಂಕ ಮಾತ್ರ ತೀರಾ ಕಡಿಮೆ ಬಂತು, ನಾಣ್ಯ ಚಿಮ್ಮಿ ಹೇಳಿದರೂ ಅಷ್ಟು ಬರುತ್ತಿತ್ತು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡು, "ಮೊದಲ ಸಲಕ್ಕೆ ಪರವಾಗಿಲ್ಲ" ಅಂದರು. ಇಪ್ಪತ್ತು ಮನೆಗಳ ಪಟ್ಟಿ ಭೇಟಿ ಮೇಡಂ ಕೈ ಸೇರಿತು, ಒಂದು ಪ್ರತಿ ಪೊಲೀಸ್ ಠಾಣೆಗೂ ಹೋಯಿತು.

ಪಟ್ಟಿಯ ನೆತ್ತಿಯಲ್ಲಿದ್ದದ್ದು ಗಾಜಿನ ಅಂಗಡಿಯವನ ಹೆಂಡತಿ. ಅಂಗೈ ಸೀಳು, ಜೊತೆಗೆ ಪಕ್ಕೆಲುಬು ಮೂರು, ಮೊಣಕೈ ಒಂದು, ಬೇರೆ ಬೇರೆ ಕಾಲದ ಹಳೆಯ ಮುರಿತ. ಭೇಟಿ ಮೇಡಂ ಒಬ್ಬ ಪೊಲೀಸಿನವನ ಜೊತೆ ಅವರ ಮನೆಗೆ ಹೋದರು. ಗಂಡ ಹೆಂಡತಿ ಇಬ್ಬರೂ ಬಾಯಿ ಬಿಟ್ಟುಕೊಂಡು ನಿಂತರು. "ನನಗೆ ಮೂಳೆ ಮುರಿದೇ ಇಲ್ಲ" ಅಂತ ಅವಳು ಎಷ್ಟು ಹೇಳಿದರೂ ಪೊಲೀಸಿನವನು, "ಎಲ್ಲರೂ ಹೀಗೇ ಅಂತಾರೆ" ಅಂದ. ಅಕ್ಕಪಕ್ಕದವರು ಕಿಟಕಿಗೆ ಬಂದರು. ಸಂಜೆಯೊಳಗೆ ಸುದ್ದಿ, ಮುರಿದ ಮೂಳೆಗಳ ಲೆಕ್ಕದ ಸಮೇತ, ಅವಳ ಇಬ್ಬರು ತಮ್ಮಂದಿರಿಗೆ ಮುಟ್ಟಿತು.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಇಬ್ಬರೂ ಬಂದರು. ದೊಡ್ಡವನು ಷಟರು ಅರ್ಧ ಇಳಿಸಿದ. ಗಾಜು ಅಳೆಯುವ ಕಬ್ಬಿಣದ ಪಟ್ಟಿ ಮೇಜಿನ ಮೇಲೇ ಇತ್ತು. ಅದರಲ್ಲೇ ಶುರು ಮಾಡಿದರು. ಭಾವನ ಬಾಯಿಗೆ, ಎದೆಗೆ, ಬಿದ್ದ ಮೇಲೆ ಬೆನ್ನಿಗೆ. "ಪಕ್ಕೆಲುಬು ಮೂರು," ಅಂತ ಎಣಿಸಿಕೊಂಡು ದೊಡ್ಡವನು ಅವನ ಪಕ್ಕೆಗೆ ಬೂಟಿನಿಂದ ಮೂರು ಸಲ ಒದ್ದ. ಅಕ್ಕ ಮನೆಯಿಂದ ಓಡಿ ಬಂದು ಅವರ ಅಂಗಿ ಹಿಡಿದು ಜಗ್ಗಿದಳು. "ಅವರು ನನ್ನ ಮೈ ಮುಟ್ಟಿಲ್ಲ ಕಣೋ, ಬಿಡ್ರೋ." ಕಿರಿಯವನು ಅವಳ ಕೈ ಕೊಡವಿ, "ಹೆದರ್ಕೊಂಡು ಹೇಳ್ತಿದಾಳೆ" ಅಂದ. ಆಸ್ಪತ್ರೆಯ ಕಾಗದಕ್ಕಿದ್ದ ಬೆಲೆ ಒಡಹುಟ್ಟಿದವಳ ಮಾತಿಗೆ ಇರಲಿಲ್ಲ. ಎಬ್ಬಿಸಿ ನಿಲ್ಲಿಸಿ ಕೊನೆಯ ಸಲ ತಳ್ಳಿದಾಗ ಅವನು ಗೋಡೆಗೆ ಒರಗಿಸಿಟ್ಟ ಗಾಜಿನ ಹಾಳೆಗಳ ಮೇಲೆ ಮುಖ ಅಡಿಯಾಗಿ ಬಿದ್ದ.

ಅವನನ್ನು ತುರ್ತು ವಿಭಾಗಕ್ಕೆ ತಂದಾಗ ಸದ್ದು ಕಡತದ ಕೋಣೆಯವರೆಗೂ ಕೇಳಿಸಿತು. ದಾರದಕ್ಕ ಹಳೇ ಅಭ್ಯಾಸದಂತೆ ಓಡಿ ಬಂದಳು. ಮಂಚದ ಮೇಲೆ ಮುಖವೇ ಇರಲಿಲ್ಲ, ರಕ್ತ ಮತ್ತು ಹೊಳೆಯುವ ಚೂರು. ಎಡಗಣ್ಣಿನ ಜಾಗದಲ್ಲಿ ಇದ್ದದ್ದನ್ನು ನೋಡಿ, ಎಲ್ಲ ನೋಡಿದ ಅವಳೂ ಮುಖ ತಿರುಗಿಸಿ ಹೊರನಡೆದಳು. ಹೊರಗೆ ಬೆಂಚಿನ ಮೇಲೆ ಹೆಂಡತಿ ಕೂತಿದ್ದಳು, ಸೀರೆಯೆಲ್ಲ ಗಂಡನ ರಕ್ತ. ಅವಳು ತಲೆಯೆತ್ತಿ ಗುರುತು ಹಿಡಿದಳು.

"ನೀವೇ ಅಲ್ವಾ ನನ್ನ ಕೈ ಹೊಲಿದದ್ದು?" ಅಂತ ಅಂಗೈ ಚಾಚಿದಳು. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ತನಕ ಬಿಳಿ ಗೆರೆ. "ಅವತ್ತು ಇವರು ಬೇಸಿನ್ ಹಿಡ್ಕೊಂಡು ನನಗಿಂತ ಜೋರಾಗಿ ಅತ್ತಿದ್ರು. ನಿಮಗೆ ನೆನಪಿದೆ ತಾನೇ? ನೀವೇ ಹೇಳಿ ಅವರಿಗೆ. ಆಸ್ಪತ್ರೆ ಪಟ್ಟಿಯಲ್ಲಿ ನನ್ನ ಪಕ್ಕೆಲುಬು ಮುರಿದಿದೆ ಅಂತ ಯಾಕಿದೆ?"

ದಾರದಕ್ಕನಿಗೆ ನೆನಪಿತ್ತು. ಮೂರು ವರ್ಷದ ಹಿಂದೆ, ಅಂಗಡಿಯಲ್ಲಿ ಗಾಜು ಜಾರಿ ಕೊಯ್ದದ್ದು, ಏಳು ಹೊಲಿಗೆ. ಗಾಜಿನ ಚೂರು ಒಳಗೆ ಉಳಿದಿದೆಯೋ ಅಂತ ಎಕ್ಸ್‌ರೇ ತೆಗೆಸಿದ್ದು ಅಂಗೈಗೆ ಮಾತ್ರ. ಅಂಗೈಯ ಫಿಲ್ಮಿನಲ್ಲಿ ಪಕ್ಕೆಲುಬು ಎಲ್ಲಿಂದ ಬರಬೇಕು? ತಿರುಗಿ ನೇರ ಕಡತದ ಕೋಣೆಗೆ ಹೋದಳು.

ಕಪಾಟಿನಿಂದ ಅಸಲಿ ಪುಸ್ತಕ ತೆಗೆದು ಪರದೆಯ ಪಕ್ಕ ಇಟ್ಟಳು. ಮೊದಲ ಸಾಲು ತಪ್ಪು. ಎರಡನೆಯದು ತಪ್ಪು. ಹತ್ತನೆಯದರಲ್ಲಿ ಹದಿನೆಂಟು ವರ್ಷದ ಹುಡುಗಿಗೆ ಎಪ್ಪತ್ತರ ಮುದುಕಿಯ ಸೊಂಟದ ಮೂಳೆ ಅಂಟಿಕೊಂಡಿತ್ತು. ಡಾಕ್ಟರನ್ನು ಕರೆಸಿದಳು.

"ನಾನು ಸಾಲಿಗೆ ಸಾಲು ಹಚ್ಚಿಬಿಟ್ಟಿದೀನಿ. ಸಂಖ್ಯೆ ನೋಡಿ ಹೊಂದಿಸಿಲ್ಲ."

ಡಾಕ್ಟರು ಪರದೆಯ ಸಾಲುಗಳನ್ನು ಪುಸ್ತಕದ ಜೊತೆ ಹೋಲಿಸಿ ನೋಡಿದರು. "ನಾನೂ ನೋಡಬೇಕಿತ್ತು," ಅಂದರು ಕಡೆಗೆ. "ಅಂಕ ಅಷ್ಟು ಕೆಟ್ಟದಾಗಿ ಬಂದಾಗಲೇ."

"ಅದು ಆಮೇಲೆ. ಆ ಪಕ್ಕೆಲುಬು ಇನ್ಯಾರದೋ. ಅವಳು ಎಲ್ಲಿದಾಳೆ ಅನ್ನೋದು ಮೊದಲು."

ಈಗ ಕೂಡಿಸುವ ಪೆಟ್ಟಿಗೆಯಲ್ಲಿ ನೋಂದಣಿ ಸಂಖ್ಯೆ ಆರಿಸಿದಳು. ಆರುನೂರ ಹನ್ನೆರಡು ಸಾಲು ಒಂಬೈನೂರು ದಾಟಿತು. ಇದ್ದವರಿಗಿಂತ ಜಾಸ್ತಿ ಹೆಂಗಸರು ಎಲ್ಲಿಂದ ಹುಟ್ಟಿದರು? ಈ ಸಲ ಅವಳು ಮೌಸಿನಿಂದ ಕೈ ತೆಗೆದಳು, ಒತ್ತಲಿಲ್ಲ. ಎರಡು ಸಾಲು ತೆಗೆದು ನೋಡಿದಳು. ಪ್ರತಿ ವರ್ಷದ ಮೊದಲ ದಿನ ಸಂಖ್ಯೆ ಮತ್ತೆ ಒಂದರಿಂದ ಶುರುವಾಗುತ್ತದೆ ಅನ್ನುವುದು ಇಪ್ಪತ್ತೊಂದು ವರ್ಷ ಆ ಪುಸ್ತಕ ಬರೆದವಳಿಗೆ ಗೊತ್ತಿರಲಿಲ್ಲವೇ. ಈ ವರ್ಷದ ಇನ್ನೂರ ಹನ್ನೆರಡಕ್ಕೆ ಹೋದ ವರ್ಷದ ಇನ್ನೂರ ಹನ್ನೆರಡೂ ಬಂದು ತಗಲಿಕೊಂಡಿತ್ತು. ಎರಡೂ ಪಟ್ಟಿಯಲ್ಲಿ ವರ್ಷ ಮತ್ತು ಸಂಖ್ಯೆ ಸೇರಿಸಿ ಹೊಸದೊಂದು ಕಾಲಂ ಮಾಡಿ, ಅದರಿಂದ ಹೊಂದಿಸಿದಳು. ಆರುನೂರ ಮೂರು ಕೂಡಿದವು. ಉಳಿದ ಒಂಬತ್ತನ್ನು ಪುಸ್ತಕ ಬಿಚ್ಚಿ ಒಂದೊಂದಾಗಿ ನೋಡಿದಳು. ಯಾರೋ ಒಂದನ್ನು ಏಳು ಅಂತ ಬರೆದದ್ದು, ಯಾರೋ ಸೊನ್ನೆ ನುಂಗಿದ್ದು. ಅವು ಸರಿಯಾದ ಮೇಲೆ ಎಲ್ಲಿಂದೆಲ್ಲಿಂದಲೋ ಇಪ್ಪತ್ತು ಸಾಲು ಆರಿಸಿ ಕಾಗದದ ಜೊತೆ ತಾಳೆ ನೋಡಿದಳು. ಆಮೇಲೆ ಕಲಿಯುವ ಪೆಟ್ಟಿಗೆಗೆ ಗೆರೆ ಎಳೆದಳು.

ಮೂರು ಪಕ್ಕೆಲುಬು, ಒಂದು ಮೊಣಕೈ. ದೊಡ್ಡ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಹಾಕುವ ಹೆಂಗಸು, ಗಂಡ ಲಿಫ್ಟ್ ರಿಪೇರಿಯವನು. ಐದು ಸಲ ಬಂದಿದ್ದಾಳೆ, ಕಡೆಯ ಸಲ ಹನ್ನೊಂದು ದಿನದ ಹಿಂದೆ. ಐದು ಸಲವೂ ಬಿದ್ದದ್ದು. ಹಿಂದಿನ ಪಟ್ಟಿಯಲ್ಲಿ ಅವಳು ಐನೂರರ ಆಚೆ ಎಲ್ಲೋ ಇದ್ದಳು.

ಮಧ್ಯಾಹ್ನ ಮೂರಕ್ಕೆ ದಾರದಕ್ಕ ಮತ್ತು ಭೇಟಿ ಮೇಡಂ ಲಾಂಡ್ರಿ ತಲುಪಿದರು. ಪೊಲೀಸಿನವನಿಗೆ ಹೇಳಿಕಳಿಸಿದ್ದರು, ಅವನು ಇನ್ನೂ ಬಂದಿರಲಿಲ್ಲ. ಹಬೆ ತುಂಬಿದ ಉದ್ದನೆಯ ಹಾಲು, ತೂಗುಹಾಕಿದ ಅಂಗಿಗಳು, ಕೊನೆಯಲ್ಲಿ ಇಸ್ತ್ರಿಯ ಮೇಜು. ಕೆಲಸದವರು ಯಾರೂ ಕೆಲಸ ಮಾಡುತ್ತಿರಲಿಲ್ಲ. ಗೋಡೆಗೆ ಅಂಟಿ ನಿಂತಿದ್ದರು. ಲಿಫ್ಟಿನವನು ಹೆಂಡತಿಯ ಜಡೆಯನ್ನು ಎಡಗೈಗೆ ಸುತ್ತಿಕೊಂಡು ಅವಳ ಹಣೆಯನ್ನು ಮೇಜಿನ ಅಂಚಿಗೆ ಜಜ್ಜುತ್ತಿದ್ದ, ಆತುರವಿಲ್ಲದೆ, ಮೊಳೆ ಹೊಡೆಯುವವನ ಹಾಗೆ. ಬಲಗೈಯಲ್ಲಿ ಮೊಳದುದ್ದದ ಸ್ಪಾನರು. ಅವಳು ಕೂಗುತ್ತಿರಲಿಲ್ಲ. ಬಲಗೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಹಾಸಿದ ಅಂಗಿಗೆ ತಗಲದ ಹಾಗೆ ಎತ್ತಿ ಹಿಡಿದುಕೊಂಡಿದ್ದಳು.

"ಬಿಡಪ್ಪಾ ಅವಳನ್ನ," ಅಂದಳು ದಾರದಕ್ಕ.

ಅವನು ತಿರುಗಿ ನೋಡಿದ. "ನೀನ್ಯಾವಳು?"

"ಆಸ್ಪತ್ರೆಯವಳು. ಅವಳ ಪಕ್ಕೆಲುಬು ಎಣಿಸಿದವಳು."

ಸ್ಪಾನರು ಮೇಲೆದ್ದಿತು. ಏಟಿನಿಂದ ಹಿಂದೆ ಸರಿದವರಿಗೆ ಅದರ ತುದಿ ತಗಲುತ್ತದೆ, ತುದಿಯಲ್ಲೇ ಅದರ ಬಲ. ಇದು ಅವಳು ಸಾವಿರ ತಲೆ ಹೊಲಿದು ಕಲಿತದ್ದು. ಅವಳು ಹಿಂದೆ ಸರಿಯದೆ ಅವನ ತೋಳಿನೊಳಕ್ಕೆ ನುಗ್ಗಿ ಎದೆಗೆ ತಲೆ ಕೊಟ್ಟಳು. ತಲೆಗೆ ಬೀಳಬೇಕಾದ್ದು ಭುಜಕ್ಕೆ ಬಿತ್ತು. ಒಳಗೆ ಒಣ ಕಡ್ಡಿ ಮುರಿದ ಸದ್ದಾಯಿತು. ಆದರೂ ಬಿಡದೆ ಅವನ ಮುಂಗೈಗೆ ಹಲ್ಲು ಊರಿದಳು, ಬಾಯಿಗೆ ಉಪ್ಪುಪ್ಪು ರಕ್ತ ಬರುವ ತನಕ. ಅವನು ಸ್ಪಾನರನ್ನೂ ಹೆಂಡತಿಯ ಜಡೆಯನ್ನೂ ಬಿಟ್ಟು ಎರಡೂ ಕೈಯಿಂದ ಇವಳ ಕತ್ತು ಹಿಸುಕಿದ. ಕಣ್ಣು ಕತ್ತಲಿಟ್ಟಿತು. ಭೇಟಿ ಮೇಡಂ ಅವನ ಬೆನ್ನಿಗೆ ಚೀಲದಿಂದ ಬಾರಿಸುತ್ತಿದ್ದದ್ದು ಎಲ್ಲೋ ದೂರದಲ್ಲಿ ಅನ್ನುವಂತೆ ಕೇಳಿಸಿತು.

ಇಸ್ತ್ರಿಯವಳು ಮೊದಲು ಪೆಟ್ಟಿಗೆಯನ್ನು ಅದರ ಸ್ಟ್ಯಾಂಡಿನ ಮೇಲೆ ನೆಟ್ಟಗೆ ಇಟ್ಟಳು. ಹಣೆಯಿಂದ ಕಣ್ಣಿಗೆ ಇಳಿದ ರಕ್ತವನ್ನು ತೋಳಿನಿಂದ ಒರೆಸಿಕೊಂಡಳು. ಆಮೇಲೆ ಪೆಟ್ಟಿಗೆಯನ್ನು ಮತ್ತೆ ಎತ್ತಿಕೊಂಡು ಗಂಡನ ಕತ್ತಿನ ಪಕ್ಕಕ್ಕೆ ಚಪ್ಪಟೆಯಾಗಿ ಒತ್ತಿದಳು, ಒತ್ತಿಯೇ ಹಿಡಿದಳು. ಅವನ ಬಾಯಿಂದ ಬಂದದ್ದು ಮನುಷ್ಯರ ಧ್ವನಿಯಾಗಿರಲಿಲ್ಲ. ಕೈ ಸಡಿಲಿತು. ಅವನು ಬಿದ್ದ ಮೇಲೆ ಗೋಡೆಗೆ ಅಂಟಿಕೊಂಡಿದ್ದವರಿಗೆ ಕಾಲು ಬಂತು. ನಾಲ್ಕು ಜನ ಅವನ ಮೇಲೆ ಕೂತರು. ಸುಟ್ಟ ಮಾಂಸದ ನಾತ ಹಬೆಯಲ್ಲಿ ತುಂಬಿಕೊಂಡಿತು. ಇಸ್ತ್ರಿಯವಳು ಸುತ್ತಲೂ ನೋಡಿ, "ಯಾರಾದ್ರೂ ಸ್ವಿಚ್ ಆರಿಸಿ" ಅಂದಳು.

ದಾರದಕ್ಕನ ಕೊರಳೆಲುಬು ಎರಡು ತುಂಡಾಗಿತ್ತು. ಲಿಫ್ಟಿನವನು ಬದುಕಿದ, ಜೈಲಿಗೆ ಹೋದ. ಇಸ್ತ್ರಿಯವಳ ಮೇಲೂ ಕೇಸು ಹಾಕಿದರು. ಐದು ಭೇಟಿಯ ಐದು ಸಾಲು, ಸರಿಯಾಗಿ ಕೂಡಿಸಿದ್ದು, ನ್ಯಾಯಾಲಯದ ಮುಂದೆ ಬಂದ ಮೇಲೆ ಬಿಟ್ಟರು. ಅವಳು ಬೇರೆ ಲಾಂಡ್ರಿ ಸೇರಿಕೊಂಡಳು.

ಆಸ್ಪತ್ರೆಯಲ್ಲಿ ವಿಚಾರಣೆ ಕೂತಾಗ ಡಾಕ್ಟರು, "ತಂತ್ರಾಂಶದ ದೋಷ ಅಂತ ಬರೆಯೋಣ, ಯಾರಿಗೂ ತೊಂದರೆ ಇಲ್ಲ" ಅಂದರು. ದಾರದಕ್ಕ ಒಪ್ಪಲಿಲ್ಲ. "ಯಾವುದರಿಂದ ಹೊಂದಿಸಲಿ ಅಂತ ಪೆಟ್ಟಿಗೆ ಕೇಳಿತ್ತು ಸಾರ್. ನಾನು ಓದಲಿಲ್ಲ." ಆರು ತಿಂಗಳು ಅವಳು ಕಂಪ್ಯೂಟರು ಮುಟ್ಟಬಾರದೆಂದು ಆದೇಶವಾಯಿತು. ಭುಜ ಕೂಡದೆ ಮುಟ್ಟಲೂ ಆಗುತ್ತಿರಲಿಲ್ಲ.

ಕೈ ಜೋಲಿಯಲ್ಲಿ ಇರುವಾಗಲೇ ಅವಳು ಗಾಜಿನವನ ಮನೆಗೆ ಹೋದಳು. ತಂಗಿ ಕಾರಿನಲ್ಲಿ ಬಿಟ್ಟು, "ಅವನು ಹೊಡೆದ್ರೂ ಸುಮ್ಮನೆ ನಿಂತ್ಕೋ" ಅಂದಳು. ಅವನ ಎಡಗಣ್ಣು ಹೋಗಿತ್ತು. ಕೆನ್ನೆಯಿಂದ ದವಡೆಗೆ ಹೊಲಿಗೆಯ ಗೆರೆಗಳು. ಯಾರೋ ಅಂಚಿಗೆ ಅಂಚು ಸರಿಯಾಗಿ ಹಿಡಿಯದೆ ಅವಸರದಲ್ಲಿ ಹೊಲಿದಿದ್ದರು.

"ಪಟ್ಟಿ ಕೂಡಿಸಿದವಳು ನಾನೇ," ಅಂದಳು.

ಅವನು ಹೊಡೆಯಲಿಲ್ಲ. ಹೇಗಾಯಿತು ಅಂತ ಕೇಳಿದ. ಅವಳು ಮೇಜಿನ ಮೇಲೆ ಎರಡು ಚೀಟಿ ಇಟ್ಟು, ಒಂದರಲ್ಲಿ ಹೆಸರು ಇನ್ನೊಂದರಲ್ಲಿ ಮೂಳೆ ಬರೆದು ತೋರಿಸಿದಳು. ಅವನು ಉಳಿದ ಒಂದೇ ಕಣ್ಣಿನಿಂದ ಅದನ್ನು ನೋಡುತ್ತಿದ್ದ.

"ಹಾಗಾದ್ರೆ ತಪ್ಪಿದ್ದು ನನ್ನ ಸಾಲು ಒಂದೇ ಅಲ್ಲ. ಎಲ್ಲರದ್ದೂ."

"ಎಲ್ಲರದ್ದೂ."

"ಮಿಕ್ಕ ಮನೆಗಳಿಗೆ ಹೋದ್ರಾ?"

"ಒಂಬತ್ತು ಮನೆಗೆ ಹೋಗಿ ಹೇಳಿ ಬಂದೆ. ಹತ್ತು ಬಾಕಿ ಇದೆ."

"ಹೋಗಿ," ಅಂದ. ಚೀಟಿಗಳನ್ನು ಅವಳ ಕಡೆ ತಳ್ಳಿ, "ನಿಮ್ಮ ಕ್ಷಮಾಪಣೆ ಇಟ್ಕೊಂಡು ನಾನೇನ್ ಮಾಡ್ಲಿ. ಒಂದು ಕಾಗದ ತನ್ನಿ. ಇವನು ಹೆಂಡತಿಗೆ ಹೊಡೆದವನಲ್ಲ, ತಪ್ಪು ನಮ್ಮದು ಅಂತ. ಆಸ್ಪತ್ರೆ ಮುದ್ರೆ ಇರ್ಬೇಕು."

ಆ ಕಾಗದಕ್ಕೆ ಅವಳು ನಾಲ್ಕು ತಿಂಗಳು ಮೇಲಿನವರ ಬಾಗಿಲು ಕಾದಳು. ಬರೆದರೆ ಆಸ್ಪತ್ರೆಯ ಮಾನ ಹೋಗುತ್ತದೆ ಅಂದರು. ಮೇಲಧಿಕಾರಿಯ ಮೇಜಿನ ಮೇಲೆ ಅವಳು ಗಾಜಿನವನ ಮುಖದ ಫೋಟೋ ಇಟ್ಟು, ಸಹಿ ಬೀಳುವ ತನಕ ಎದುರಿನ ಕುರ್ಚಿಯಿಂದ ಏಳಲಿಲ್ಲ. ಸಹಿ ಬಿತ್ತು.

ಅವಳು ಅದನ್ನು ಕೊಡಲು ಹೋದ ದಿನ ಗಾಜಿನವನು ಅಂಗಡಿಯಲ್ಲಿದ್ದ. ಒಂದೇ ಕಣ್ಣಿಗೆ ದೂರ ಹತ್ತಿರದ ಅಂದಾಜು ಸಿಗದೆ, ಒಂದೊಂದು ಗೆರೆಯನ್ನೂ ಮೂರು ಸಲ ಅಳೆದು ಕೊಯ್ಯುತ್ತಿದ್ದ. ಹೆಂಡತಿ ಕಾಗದವನ್ನು ಅಲ್ಲೇ ಕತ್ತರಿಸಿದ ಒಂದು ಗಾಜಿನ ಹಿಂದೆ ಇಟ್ಟು ಗೋಡೆಗೆ ತೂಗುಹಾಕಿದಳು. ಅಷ್ಟರಲ್ಲಿ ಅವಳ ಕಿರಿಯ ತಮ್ಮ ಬಂದು ಹೊರಗೆ ನಿಂತ. ದೊಡ್ಡವನು ಇನ್ನೂ ಜೈಲಿನಲ್ಲಿದ್ದ. ಇವನು ಜಾಮೀನಿನ ಮೇಲೆ ಬಂದಿದ್ದ. ಅಲ್ಲಿಂದಲೇ ಕಾಗದವನ್ನು ತುಟಿಯಾಡಿಸುತ್ತಾ ಓದಿದ, ಮೊದಲಿಂದ ಕೊನೆಯವರೆಗೆ.

ಅಕ್ಕ ಹೊರಗೆ ಹೋಗಿ ಅವನ ಕೆನ್ನೆಗೆ ಬಾರಿಸಿದಳು. ಅಂಗೈಯಲ್ಲಿ, ಆಮೇಲೆ ಹಿಂಗೈಯಲ್ಲಿ, ಮತ್ತೆ ಅಂಗೈಯಲ್ಲಿ. ಅವನ ಮೂಗಿನಿಂದ ರಕ್ತ ಇಳಿದು ಅಂಗಿಯ ಮೇಲೆ ಬಿತ್ತು. ಅವನು ಕೈ ಎತ್ತಲಿಲ್ಲ, ಒರೆಸಿಕೊಳ್ಳಲೂ ಇಲ್ಲ. "ನಾನು ಹೇಳಿದ್ದೆ," ಅಂತ ಅವಳು ಒಂದೊಂದು ಏಟಿಗೂ ಅನ್ನುತ್ತಿದ್ದಳು. "ನಾನು ಹೇಳಿದ್ದೆ ನಿಂಗೆ." ದಾರದಕ್ಕ ನೋಡಲಾರದೆ ಮೇಜಿನ ಮೇಲಿದ್ದ ಗಾಜಿನ ಪುಡಿಯನ್ನು ನೋಡುತ್ತಾ ನಿಂತಳು.

"ಸಾಕು ಬಿಡೆ," ಅಂದ ಗಾಜಿನವನು, ತಲೆ ಎತ್ತದೆ. ಆಮೇಲೆ ಭಾವಮೈದುನನ ಕಡೆ ನೋಡದೆಯೇ, "ಈ ದೊಡ್ಡ ಹಾಳೆ ಒಬ್ಬನಿಗೆ ಎತ್ತೋಕಾಗಲ್ಲ. ಆ ಕಡೆ ತುದಿ ಹಿಡ್ಕೋ" ಅಂದ.

ಅವನು ಒಳಗೆ ಬಂದು ತುದಿ ಹಿಡಿದ. ಇಬ್ಬರೂ ಗಾಜನ್ನು ಎತ್ತಿ ಮೇಜಿನ ಮೇಲೆ ಮಲಗಿಸಿದರು. ದಾರದಕ್ಕ ಹೊರಗೆ ಬಂದು, ಬಾಕಿ ಇದ್ದ ಹತ್ತರಲ್ಲಿ ಕೊನೆಯ ಮನೆಯ ವಿಳಾಸ ಬರೆದ ಚೀಟಿ ತೆಗೆದುಕೊಂಡು ಬಸ್ಸಿಗೆ ಕಾದು ನಿಂತಳು.